ಹೊಲದ ಸ್ಟಾರ್ಟರ್‌ನಿಂದ ಹಡಗಿನ ಸ್ವಿಚ್‌ಬೋರ್ಡ್‌ವರೆಗೆ

ಕ್ಲಬ್ ಗ್ರೂಪಿನಲ್ಲಿ "ಈ ಸಲ ಟೆಕ್ನಿಕಲ್ ಲೇಖನ ಯಾರು ಬರೀತೀರಿ?" ಅಂತ ಮೆಸೇಜ್ ಬಂದಾಗ ನಾನು "ಹಡಗಿನ ಆಟೋಮೇಷನ್ ಬಗ್ಗೆ ಬರೀತೀನಿ" ಅಂದೆ. ಪಕ್ಕದಲ್ಲೇ ಕೂತಿದ್ದ ಮಂಗಳೂರಿನ ರೂಮ್‌ಮೇಟ್ ನಕ್ಕುಬಿಟ್ಟ. "ನಿಮ್ಮೂರಿಂದ ಸಮುದ್ರ ಎಷ್ಟು ದೂರ ಮಾರಾಯ? ನೀನು ಹಡಗು ನೋಡಿದ್ದೀಯಾ?"

ನಿಜ. ನನ್ನೂರು ಬೀಳಗಿ ತಾಲ್ಲೂಕಿನ ಅನಗವಾಡಿ. ನಮ್ಮಲ್ಲಿ ಇರೋದು ಘಟಪ್ರಭಾ ನದಿ, ಆಲಮಟ್ಟಿ ಡ್ಯಾಮಿನ ಹಿನ್ನೀರು, ಮೀನು ಹಿಡಿಯುವವರ ದೋಣಿ, ತೆಪ್ಪ. ಅಷ್ಟೇ. ಹಡಗು ನಾನು ಮೊದಲು ನೋಡಿದ್ದು ಮೊಬೈಲಿನಲ್ಲಿ. ಆದರೆ ಹಡಗಿನ ಇಂಜಿನ್ ರೂಮಿನ ಒಳಗೆ ಏನಾಗುತ್ತದೆ ಅಂತ ಓದುತ್ತಾ ಹೋದಂತೆ ನನಗೆ ನೆನಪಾಗಿದ್ದು ನಮ್ಮ ಹೊಲದ ಪಂಪ್‌ಸೆಟ್. ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಇಷ್ಟುದ್ದ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ತಿದ್ದಿ.

ಆಟೋ ಸ್ಟಾರ್ಟರ್ ಅಂದ್ರೆ ಏನು?

ನಮ್ಮ ಕಡೆ ತ್ರೀ ಫೇಸ್ ಕರೆಂಟ್ ದಿನವಿಡೀ ಇರಲ್ಲ. ಒಮ್ಮೆ ಹಗಲು, ಒಮ್ಮೆ ನಡುರಾತ್ರಿ ಕೊಡ್ತಾರೆ. ಮೊದಲು ಕರೆಂಟ್ ಬಂದಾಗ ಯಾರಾದರೂ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಸ್ಟಾರ್ಟರ್‌ನ ಹಸಿರು ಬಟನ್ ಒತ್ತಬೇಕಿತ್ತು. ಹಾವು, ಚೇಳು, ಕತ್ತಲು. ಆಮೇಲೆ ಆಟೋ ಸ್ಟಾರ್ಟರ್ ಬಂತು. ಕರೆಂಟ್ ಬಂದರೆ ಅದೇ ನೋಡಿಕೊಂಡು, ಸ್ವಲ್ಪ ಹೊತ್ತು ಕಾಯ್ದು, ಮೋಟಾರ್ ಚಾಲೂ ಮಾಡುತ್ತದೆ. ಈಗ ಸಿಮ್ ಹಾಕಿದ ಸ್ಟಾರ್ಟರ್‌ಗಳೂ ಇವೆ. ಮನೆಯಲ್ಲಿ ಕೂತು ಫೋನ್ ಮಾಡಿದರೆ ಸಾಕು.

ಇದರ ಒಳಗೆ ಮೂರು ಕೆಲಸ ಇವೆ. ಒಂದು, ನೋಡುವುದು: ಮೂರೂ ಫೇಸ್ ಇದೆಯಾ, ವೋಲ್ಟೇಜ್ ಸರಿ ಇದೆಯಾ. ಎರಡು, ತೀರ್ಮಾನಿಸುವುದು: ಚಾಲೂ ಮಾಡಬೇಕಾ, ಬೇಡವಾ. ಮೂರು, ಮಾಡುವುದು: ಕಾಂಟ್ಯಾಕ್ಟರ್ ಎಳೆಯುವುದು ಅಥವಾ ಬಿಡುವುದು. ಸೆನ್ಸರ್, ಕಂಟ್ರೋಲರ್, ಆಕ್ಚುಯೇಟರ್ ಅಂತ ನಾವು ಪರೀಕ್ಷೆಯಲ್ಲಿ ಬರೆಯೋದು ಇದನ್ನೇ. ಜಗತ್ತಿನ ಯಾವ ಆಟೋಮೇಷನ್ ತಗೊಂಡರೂ ಈ ಮೂರು ಬಿಟ್ಟು ಬೇರೆ ಇಲ್ಲ.

ಆಟೋ ಸ್ಟಾರ್ಟರ್‌ಗೆ ಒಂದು ತೊಂದರೆಯೂ ಇದೆ. ಒಂದು ಟಿಸಿಗೆ ಹತ್ತು ಮೋಟಾರ್ ಇದ್ದು, ಹತ್ತಕ್ಕೂ ಆಟೋ ಇದ್ದರೆ, ಕರೆಂಟ್ ಬಂದ ತಕ್ಷಣ ಎಲ್ಲವೂ ಒಟ್ಟಿಗೆ ಎದ್ದು ಕೂರುತ್ತವೆ. ಇಂಡಕ್ಷನ್ ಮೋಟಾರನ್ನು ನೇರವಾಗಿ ಚಾಲೂ ಮಾಡಿದರೆ ಮೊದಲ ಕ್ಷಣದಲ್ಲಿ ಅದು ಎಳೆಯುವ ಕರೆಂಟ್ ಫುಲ್ ಲೋಡ್‌ನ ಆರೇಳು ಪಟ್ಟು. ಟಿಸಿ ತಡೆಯುತ್ತಾ? ಫ್ಯೂಸ್ ಹೋಗುತ್ತದೆ, ಇಲ್ಲಾಂದ್ರೆ ಟಿಸಿಯೇ ಸುಡುತ್ತದೆ. ಆಮೇಲೆ ಇಡೀ ಓಣಿಯ ಹೊಲಕ್ಕೆ ವಾರಗಟ್ಟಲೆ ನೀರಿಲ್ಲ.

ಇನ್ನೊಂದು ನಮ್ಮ ಮನೆಯದೇ ಕಥೆ. ನಾನು ಫಸ್ಟ್ ಪಿಯುಸಿಯಲ್ಲಿದ್ದಾಗ ಬೇಸಿಗೆಯಲ್ಲಿ ನಮ್ಮ ಸಿಂಗಲ್ ಫೇಸ್ ಪ್ರಿವೆಂಟರ್ ಮೇಲಿಂದ ಮೇಲೆ ಟ್ರಿಪ್ ಆಗುತ್ತಿತ್ತು. ಮೂರು ಫೇಸ್‌ನಲ್ಲಿ ಒಂದು ಹೋದರೆ ಮೋಟಾರ್ ನಿಲ್ಲಿಸೋದು ಅದರ ಕೆಲಸ. ಯಾಕಂದ್ರೆ ಎರಡೇ ಫೇಸ್‌ನಲ್ಲಿ ಓಡುವ ಮೋಟಾರ್ ಉಳಿದ ಎರಡು ತಂತಿಯಲ್ಲಿ ಸುಮಾರು 1.7 ಪಟ್ಟು ಕರೆಂಟ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಕಾಕಾಗೆ ಸಿಟ್ಟು ಬಂತು. "ಇದರದೇನ್ ಕಾಟಪ್ಪಾ, ಕಬ್ಬು ಒಣಗಾಕತ್ತೈತಿ. ಬೈಪಾಸ್ ಮಾಡಿ ಒಗೀರಿ" ಅಂದರು. ಬೈಪಾಸ್ ಆಯ್ತು. ನಾಲ್ಕನೇ ದಿನ ಮೋಟಾರ್ ಸುಟ್ಟಿತು. ರಿವೈಂಡಿಂಗ್‌ಗೆ ಹತ್ತು ಸಾವಿರದ ಹತ್ತಿರ ಹೋಯ್ತು, ಹತ್ತು ದಿನ ನೀರಿಲ್ಲ. ಬಿಚ್ಚಿ ನೋಡಿದರೆ ಸ್ಟಾರ್ಟರ್‌ಗೆ ಬರುವ ಒಂದು ಫೇಸ್‌ನ ತಂತಿ ಟರ್ಮಿನಲ್‌ನಲ್ಲಿ ಸಡಿಲ ಇತ್ತು. ಆ ಡಬ್ಬಿ ಸುಳ್ಳು ಹೇಳ್ತಾ ಇರಲಿಲ್ಲ. ನಾವೇ ಅದರ ಬಾಯಿ ಮುಚ್ಚಿಸಿದ್ವಿ.

ಈ ಮೂರು ವಿಷಯ ನೆನಪಿಟ್ಟುಕೊಳ್ಳಿ: ತಾನಾಗಿ ಚಾಲೂ ಆಗೋದು, ಎಲ್ಲಾ ಒಟ್ಟಿಗೆ ಚಾಲೂ ಆಗಬಾರದು ಅನ್ನೋದು, ಸಡಿಲ ತಂತಿ. ಈಗ ಹಡಗು ಹತ್ತೋಣ.

ಹಡಗು ಅಂದ್ರೆ ತೇಲುವ ಊರು

ಸಮುದ್ರದ ಮಧ್ಯೆ ಕೆಇಬಿ ಇಲ್ಲ. ಹಾಗಾಗಿ ದೊಡ್ಡ ಹಡಗಿನಲ್ಲಿ ಮೂರೋ ನಾಲ್ಕೋ ಡೀಸೆಲ್ ಜನರೇಟರ್ ಇರುತ್ತವೆ. ಇವು ಪ್ರೊಪೆಲ್ಲರ್ ತಿರುಗಿಸುವ ಮುಖ್ಯ ಇಂಜಿನ್‌ಗಿಂತ ಬೇರೆ. ದೊಡ್ಡ ಕಂಟೇನರ್ ಹಡಗಿನಲ್ಲಿ ಜನರೇಟರ್ 6,600 ವೋಲ್ಟ್ ಕೊಡುತ್ತದೆ. ಅದನ್ನು ಟ್ರಾನ್ಸ್‌ಫಾರ್ಮರ್ 440 ವೋಲ್ಟ್‌ಗೆ ಇಳಿಸುತ್ತದೆ. ಫ್ರೀಕ್ವೆನ್ಸಿ ಸಾಮಾನ್ಯವಾಗಿ ನಮ್ಮ ಹಾಗೆ 50 ಅಲ್ಲ, 60 ಹರ್ಟ್ಸ್.

ಮುಖ್ಯ ಇಂಜಿನ್ ಡೀಸೆಲ್‌ನಲ್ಲೇ ಓಡುತ್ತದಲ್ಲ, ಕರೆಂಟ್ ಯಾಕೆ ಬೇಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅದಕ್ಕೆ ಎಣ್ಣೆ ಕೊಡುವ ಪಂಪ್, ಲ್ಯೂಬ್ ಆಯಿಲ್ ಪಂಪ್, ತಣ್ಣಗಿಡುವ ನೀರಿನ ಪಂಪ್, ಚುಕ್ಕಾಣಿ ತಿರುಗಿಸುವ ಹೈಡ್ರಾಲಿಕ್ ಪಂಪ್ ಎಲ್ಲವೂ ಕರೆಂಟಿನ ಮೋಟಾರ್. ಕರೆಂಟ್ ಹೋದರೆ ಮುಖ್ಯ ಇಂಜಿನ್ ಕೂಡ ಹೋಯ್ತು ಅಂತಲೇ ಲೆಕ್ಕ. ಹಡಗಿನವರು ಇದನ್ನು ಬ್ಲ್ಯಾಕ್‌ಔಟ್ ಅಂತಾರೆ.

ಇದನ್ನೆಲ್ಲ ನೋಡಿಕೊಳ್ಳುವುದು ಪವರ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಮಷಿನ್ಸ್ ಲ್ಯಾಬ್‌ನಲ್ಲಿ ನಾವು ಮೂರು ಬಲ್ಬ್ ಇಟ್ಟುಕೊಂಡು ಎರಡು ಆಲ್ಟರ್ನೇಟರ್ ಸಿಂಕ್ರೊನೈಸ್ ಮಾಡಲು ಒದ್ದಾಡ್ತೀವಲ್ಲ, ಹಡಗಿನಲ್ಲಿ ಅದನ್ನು ಈ ಸಿಸ್ಟಮ್ ತಾನೇ ಮಾಡುತ್ತದೆ. ಲೋಡ್ ಜಾಸ್ತಿಯಾದರೆ ಇನ್ನೊಂದು ಜನರೇಟರ್ ಚಾಲೂ ಮಾಡಿ, ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್ ಹೊಂದಿಸಿ ಬ್ರೇಕರ್ ಮುಚ್ಚುತ್ತದೆ. ದೊಡ್ಡ ಮೋಟಾರ್ ಒಂದನ್ನು ಚಾಲೂ ಮಾಡಿ ಅಂತ ಕೇಳಿದರೆ, "ತಡಿ, ಕರೆಂಟ್ ಸಾಲುತ್ತಾ ನೋಡ್ತೀನಿ" ಅಂತ ಮೊದಲು ಲೆಕ್ಕ ಹಾಕುತ್ತದೆ. ಸಾಲದಿದ್ದರೆ ಮೊದಲು ಜನರೇಟರ್, ಆಮೇಲೆ ಮೋಟಾರ್. ಇದ್ದಕ್ಕಿದ್ದಂತೆ ಒಂದು ಜನರೇಟರ್ ನಿಂತರೆ ಎಸಿ, ಅಡುಗೆಮನೆಯಂಥ ಅಗತ್ಯವಲ್ಲದ ಲೋಡ್‌ಗಳನ್ನು ಮೊದಲು ಕತ್ತರಿಸುತ್ತದೆ. ಪ್ರಿಫರೆನ್ಷಿಯಲ್ ಟ್ರಿಪ್ ಅಂತ ಅದಕ್ಕೆ ಹೆಸರು. ಮನೆಯ ಇನ್ವರ್ಟರ್ ಮೇಲೆ ಫ್ಯಾನ್, ಲೈಟ್ ಮಾತ್ರ ಇಟ್ಟು ಗೀಸರ್ ಹಾಕದೇ ಇರೋ ಹಾಗೆ.

ಬ್ಲ್ಯಾಕ್‌ಔಟ್ ಆಗಿ ಕರೆಂಟ್ ವಾಪಸ್ ಬಂದಾಗ? ನಮ್ಮ ಟಿಸಿ ಕಥೆಯೇ. ಎಲ್ಲಾ ಪಂಪ್ ಒಟ್ಟಿಗೆ ಎದ್ದರೆ ಜನರೇಟರ್ ಮತ್ತೆ ಮಲಗುತ್ತದೆ. ಅದಕ್ಕೇ ಸೀಕ್ವೆನ್ಷಿಯಲ್ ರೀಸ್ಟಾರ್ಟ್ ಅಂತ ಒಂದು ಕ್ರಮ ಇದೆ. ಮೊದಲು ಅತಿ ಅಗತ್ಯದ ಪಂಪ್, ಕೆಲವು ಸೆಕೆಂಡ್ ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು. ಇದೆಲ್ಲ ಕೈಕೊಟ್ಟರೆ ಅಂತ ಮೇಲಿನ ಡೆಕ್‌ನಲ್ಲಿ ಬೇರೆಯದೇ ಎಮರ್ಜೆನ್ಸಿ ಜನರೇಟರ್ ಇರುತ್ತದೆ. ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದದ ಪ್ರಕಾರ ಅದು 45 ಸೆಕೆಂಡ್ ಒಳಗೆ ತಾನೇ ಚಾಲೂ ಆಗಿ ಲೋಡ್ ಹೊರಬೇಕು.

ಇನ್ನೊಂದು ಮಜಾ ವಿಷಯ. ಹಡಗಿನ 440 ವೋಲ್ಟ್ ಸಿಸ್ಟಮ್‌ನಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಅನ್ನು ಅರ್ಥ್ ಮಾಡಲ್ಲ. ನಮ್ಮ ಮನೆಯಲ್ಲಿ ಒಂದು ಫೇಸ್ ಅರ್ಥ್‌ಗೆ ತಾಗಿದರೆ ಟ್ರಿಪ್ ಆಗಬೇಕು, ಅದೇ ಸುರಕ್ಷತೆ. ಹಡಗಿನಲ್ಲಿ ಒಂದು ಅರ್ಥ್ ಫಾಲ್ಟ್ ಆದರೂ ಚುಕ್ಕಾಣಿಯ ಮೋಟಾರ್ ಓಡುತ್ತಲೇ ಇರಬೇಕು, ಅದೇ ಸುರಕ್ಷತೆ. ಅಲಾರಂ ಮಾತ್ರ ಬರುತ್ತದೆ, ಹುಡುಕಿ ಸರಿ ಮಾಡಬೇಕು. ಒಂದೇ ಸರ್ಕ್ಯೂಟ್ ಥಿಯರಿ, ಆದರೆ ಏನನ್ನು ಕಾಪಾಡಬೇಕು ಅನ್ನೋದರ ಮೇಲೆ ಡಿಸೈನ್ ಉಲ್ಟಾ ಆಗುತ್ತದೆ.

ಇಂಜಿನ್ ರೂಮ್ ಖಾಲಿಯಾದ ಕಥೆ

ಹಳೇ ಹಡಗಿನಲ್ಲಿ ಕ್ಯಾಪ್ಟನ್ ಮೇಲಿಂದ ಟೆಲಿಗ್ರಾಫ್ ಹಿಡಿಕೆ ತಿರುಗಿಸಿದರೆ ಕೆಳಗೆ ಗಂಟೆ ಬಾರಿಸುತ್ತಿತ್ತು, ಅಲ್ಲಿದ್ದ ಇಂಜಿನಿಯರ್ ಕೈಯಿಂದ ಇಂಜಿನ್ ಹೊಂದಿಸುತ್ತಿದ್ದ. 1961ರಲ್ಲಿ ಜಪಾನಿನ ಕಿಂಕಾಸನ್ ಮಾರು ಹಡಗಿನಲ್ಲಿ ಬ್ರಿಡ್ಜ್‌ನಿಂದಲೇ ಮುಖ್ಯ ಇಂಜಿನ್ ಕಂಟ್ರೋಲ್ ಮಾಡುವ ವ್ಯವಸ್ಥೆ ಬಂತು. ಹಡಗಿನ ಆಟೋಮೇಷನ್ ಚರಿತ್ರೆ ಹೇಳುವಾಗ ಎಲ್ಲರೂ ಇದನ್ನು ಮೊದಲು ಹೇಳ್ತಾರೆ. ಆಮೇಲೆ ರಾತ್ರಿ ಇಂಜಿನ್ ರೂಮಿನಲ್ಲಿ ಯಾರೂ ಇಲ್ಲದೆ ಓಡುವ ಹಡಗುಗಳು ಬಂದವು. ಏನಾದರೂ ಆದರೆ ಡ್ಯೂಟಿ ಇಂಜಿನಿಯರ್‌ನ ಕ್ಯಾಬಿನ್‌ನಲ್ಲಿ ಅಲಾರಂ ಹೊಡೆಯುತ್ತದೆ. ಅವನು ಒಬ್ಬನೇ ಕೆಳಗೆ ಇಳಿದರೆ ಡೆಡ್ ಮ್ಯಾನ್ ಅಲಾರಂ ಚಾಲೂ. ಆಗಾಗ ಬಟನ್ ಒತ್ತಿ "ನಾನು ಬದುಕಿದ್ದೀನಿ" ಅಂತ ಹೇಳದಿದ್ದರೆ ಎಲ್ಲರನ್ನೂ ಎಬ್ಬಿಸುತ್ತದೆ.

ಈಗ ದೊಡ್ಡ ಇಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟೇ ಇಲ್ಲದ ಮಾದರಿಗಳಿವೆ. ಎಣ್ಣೆ ಯಾವಾಗ ಸಿಂಪಡಿಸಬೇಕು, ಎಕ್ಸಾಸ್ಟ್ ವಾಲ್ವ್ ಯಾವಾಗ ತೆರೆಯಬೇಕು ಅನ್ನೋದನ್ನು ಕಂಪ್ಯೂಟರ್ ಹೇಳುತ್ತದೆ, ಹೈಡ್ರಾಲಿಕ್ ಎಣ್ಣೆ ಮಾಡುತ್ತದೆ. ಮೆಕ್ಯಾನಿಕಲ್ ಗೆಳೆಯರು ಬೇಜಾರಾಗಬೇಡಿ, ಇನ್ನೂ ಪಿಸ್ಟನ್ ಇದೆ.

ಬಾಲ್ಟಿಮೋರ್, 2024ರ ಮಾರ್ಚ್ 26

ಈಗ ಇಷ್ಟೆಲ್ಲ ಆಟೋಮೇಷನ್ ಇದ್ದ ಹಡಗೊಂದರ ನಾಲ್ಕು ನಿಮಿಷ ನೋಡೋಣ. ಹೆಸರು ಡಾಲಿ. ಉದ್ದ 300 ಮೀಟರ್, ಕಟ್ಟಿದ್ದು 2015ರಲ್ಲಿ, ಕೊರಿಯಾದಲ್ಲಿ. ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ರಾತ್ರಿ ಹೊರಟಿತ್ತು. ಹಡಗಿನಲ್ಲಿದ್ದ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು, ಒಬ್ಬ ಶ್ರೀಲಂಕಾದವರು. ಜೊತೆಗೆ ಅಲ್ಲಿನ ಪೈಲಟ್‌ಗಳು.

ರಾತ್ರಿ 1:25ರ ಸುಮಾರಿಗೆ, ಮುಂದಿನ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಇನ್ನೂ ಸುಮಾರು ಒಂದು ಕಿಲೋಮೀಟರ್ ಇರುವಾಗ, ಒಂದು ಟ್ರಾನ್ಸ್‌ಫಾರ್ಮರ್‌ನ ಬ್ರೇಕರ್‌ಗಳು ಇದ್ದಕ್ಕಿದ್ದಂತೆ ತೆರೆದುಕೊಂಡವು. ಜನರೇಟರ್ ಓಡುತ್ತಲೇ ಇತ್ತು, 6,600 ವೋಲ್ಟ್ ಇತ್ತು. ಆದರೆ 440 ವೋಲ್ಟ್ ಬಸ್ ಸತ್ತಿತು. ಲೈಟ್ ಹೋಯ್ತು, ಚುಕ್ಕಾಣಿಯ ಪಂಪ್‌ಗಳು ನಿಂತವು. ಮುಖ್ಯ ಇಂಜಿನ್‌ನ ಕೂಲಿಂಗ್ ನೀರಿನ ಪಂಪ್ ನಿಂತಿತು. ನೀರಿನ ಒತ್ತಡ ಇಲ್ಲ ಅಂತ ಕಂಡ ಕೂಡಲೇ ಆಟೋಮೇಷನ್ ಮುಖ್ಯ ಇಂಜಿನನ್ನು ತಾನೇ ಆಫ್ ಮಾಡಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಇಂಜಿನ್ ಬಿಸಿಯಾಗಿ ಹಾಳಾಗಬಾರದು ಅಂತ ಬರೆದ ಲಾಜಿಕ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಇಂಜಿನ್ ಉಳಿಯಿತು. ಆದರೆ ಆ ಹೊತ್ತಿಗೆ ಬೇಕಿದ್ದದ್ದು ಇಂಜಿನ್ ಉಳಿಯೋದಲ್ಲ, ಇನ್ನೂ ಎರಡು ನಿಮಿಷ ಪ್ರೊಪೆಲ್ಲರ್ ತಿರುಗೋದು. ಒಂದೇ ಪ್ರೊಪೆಲ್ಲರ್ ಇರುವ ಹಡಗಿನಲ್ಲಿ ಅದು ನಿಂತರೆ ಚುಕ್ಕಾಣಿಗೂ ಬಲ ಕಡಿಮೆ, ಯಾಕಂದ್ರೆ ಅದರ ಮೇಲೆ ಹರಿಯುವ ನೀರಿನ ರಭಸವೇ ಇಲ್ಲ.

ಸುಮಾರು ಒಂದು ನಿಮಿಷದಲ್ಲಿ ಸಿಬ್ಬಂದಿ ಕೈಯಿಂದ ಬ್ರೇಕರ್ ಮುಚ್ಚಿ 440 ವೋಲ್ಟ್ ವಾಪಸ್ ತಂದರು. ಕತ್ತಲಲ್ಲಿ, ಅಲಾರಂಗಳ ಸದ್ದಿನಲ್ಲಿ, ಒಂದು ನಿಮಿಷ ಅಂದ್ರೆ ಕಡಿಮೆ ಸಾಧನೆಯಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲೇ ಜನರೇಟರ್‌ಗಳೇ ನಿಂತವು. ಎರಡನೇ ಬ್ಲ್ಯಾಕ್‌ಔಟ್. ಕಾರಣ ಏನು ಗೊತ್ತಾ? ಆ ಜನರೇಟರ್‌ಗಳಿಗೆ ಡೀಸೆಲ್ ಕೊಡಲು ನಿಜವಾದ ಸಪ್ಲೈ ಪಂಪ್ ಬದಲು ಫ್ಲಶಿಂಗ್ ಪಂಪ್ ಬಳಸುತ್ತಿದ್ದರು. ಆ ಪಂಪ್‌ಗೆ ಬ್ಲ್ಯಾಕ್‌ಔಟ್ ಆದ ಮೇಲೆ ತಾನಾಗಿ ಚಾಲೂ ಆಗುವ ವ್ಯವಸ್ಥೆ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಆಟೋ ಸ್ಟಾರ್ಟರ್ ಇಲ್ಲದ ಪಂಪ್. ಕರೆಂಟ್ ಬಂತು, ಪಂಪ್ ಎದ್ದೇಳಲಿಲ್ಲ, ಎಣ್ಣೆಯ ಒತ್ತಡ ಇಳಿಯಿತು, ಜನರೇಟರ್ ಸತ್ತವು.

1:29ಕ್ಕೆ ಹಡಗು ಸೇತುವೆಯ ಕಂಬಕ್ಕೆ ಗುದ್ದಿತು. 1977ರಲ್ಲಿ ತೆರೆದಿದ್ದ ಸೇತುವೆ ಕೆಲವೇ ಸೆಕೆಂಡ್‌ನಲ್ಲಿ ನೀರಿಗೆ ಬಿತ್ತು. ಪೈಲಟ್ ರೇಡಿಯೋದಲ್ಲಿ ಮೊದಲೇ ಎಚ್ಚರಿಕೆ ಕೊಟ್ಟಿದ್ದರಿಂದ ಪೊಲೀಸರು ಎರಡೂ ಕಡೆ ವಾಹನ ತಡೆದಿದ್ದರು. ಆದರೆ ಸೇತುವೆಯ ಮೇಲೆ ರಾತ್ರಿ ಪಾಳಿಯಲ್ಲಿ ರಸ್ತೆ ಗುಂಡಿ ಮುಚ್ಚುತ್ತಿದ್ದ ಕೂಲಿಗಳಿಗೆ ಸುದ್ದಿ ತಲುಪಲಿಲ್ಲ. ಆರು ಜನ ಸತ್ತರು. ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ನಿಂದ ದುಡಿಯಲು ಬಂದವರು.

ಇದನ್ನು ಓದುವಾಗ ನನಗೆ ನಮ್ಮೂರ ಹತ್ತಿರ ಘಟಪ್ರಭಾಗೆ ಇರುವ ಸೇತುವೆ ಕಣ್ಣ ಮುಂದೆ ಬಂತು. ಬಾಗಲಕೋಟೆ ಕಡೆಯಿಂದ ವಿಜಯಪುರಕ್ಕೆ ಹೋಗುವ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರ್ ಎಲ್ಲಾ ಅದರ ಮೇಲೆ. ಮುಂದೆ ಕೃಷ್ಣೆಗೆ ಕೊರ್ತಿ-ಕೊಲ್ಹಾರದ ಉದ್ದ ಸೇತುವೆ. ನಮ್ಮ ಕಡೆಯಿಂದ ಗುಳೆ ಹೋದವರೂ ಬೇರೆ ಊರಿನ ರಸ್ತೆ ಮೇಲೆ ರಾತ್ರಿ ಕೆಲಸ ಮಾಡ್ತಾರೆ. ಸತ್ತ ಆ ಆರು ಜನಕ್ಕೆ ಹಡಗಿನ ಟ್ರಾನ್ಸ್‌ಫಾರ್ಮರ್ ಅಂದ್ರೆ ಏನು ಅಂತ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ಅದು ಗೊತ್ತಿರಬೇಕಾದವರು ಬೇರೆಯವರು, ಅಂದ್ರೆ ನಮ್ಮಂಥವರು.

ಬ್ರೇಕರ್ ಯಾಕೆ ತೆರೆಯಿತು?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ 2025ರ ನವೆಂಬರ್‌ನಲ್ಲಿ ಕಾರಣ ಹೇಳಿತು. ಬ್ರೇಕರ್‌ನ ಕಂಟ್ರೋಲ್ ಸರ್ಕ್ಯೂಟ್‌ನಲ್ಲಿ ಒಂದು ಸಿಗ್ನಲ್ ವೈರ್ ಟರ್ಮಿನಲ್ ಬ್ಲಾಕ್‌ನಲ್ಲಿ ಸಡಿಲ ಇತ್ತು. ಯಾಕೆ ಸಡಿಲ ಅಂದ್ರೆ, ವೈರಿನ ನಂಬರ್ ಬರೆದ ಲೇಬಲ್ ಪಟ್ಟಿಯನ್ನು ತುದಿಯವರೆಗೆ ತಳ್ಳಿ ಕೂರಿಸಿದ್ದರು. ಆ ಪಟ್ಟಿಯ ದಪ್ಪದಿಂದ ವೈರ್ ಸ್ಪ್ರಿಂಗ್ ಕ್ಲಾಂಪ್‌ನ ಒಳಗೆ ಪೂರ್ತಿ ಹೋಗಿರಲಿಲ್ಲ. ಹೊರಗಿಂದ ನೋಡಿದರೆ ಕೂತ ಹಾಗೇ ಕಾಣುತ್ತದೆ. ಯಾವತ್ತೋ ಒಂದು ದಿನ ಅಲುಗಾಟಕ್ಕೆ ಬಿಟ್ಟಿತು.

ಅಂಡರ್‌ವೋಲ್ಟೇಜ್ ರಿಲೀಸ್ ಗೊತ್ತಲ್ಲ? ಕಾಯಿಲ್‌ಗೆ ಕರೆಂಟ್ ಇರುವ ತನಕ ಬ್ರೇಕರ್ ಮುಚ್ಚಿರುತ್ತದೆ, ಹೋದರೆ ತೆರೆದುಕೊಳ್ಳುತ್ತದೆ. ಫೇಲ್ ಸೇಫ್ ಅಂತ ಮಾರ್ಕ್ಸ್‌ಗೆ ಬರೀತೀವಿ. ಇಲ್ಲಿ ಕೇಳಬೇಕಾದ ಪ್ರಶ್ನೆ: ಸೇಫ್ ಯಾರಿಗೆ? ಟ್ರಾನ್ಸ್‌ಫಾರ್ಮರ್‌ಗೆ ಸೇಫ್. ಸೇತುವೆ ಮೇಲಿದ್ದವರಿಗೆ ಅಲ್ಲ.

ಇನ್ನೊಂದು ಅಂಶವೂ ಇದೆ. ಡಾಲಿಯಲ್ಲಿ ಎರಡು ಟ್ರಾನ್ಸ್‌ಫಾರ್ಮರ್ ಇದ್ದವು. ಒಂದು ಕೈಕೊಟ್ಟರೆ ಇನ್ನೊಂದಕ್ಕೆ ತಾನಾಗಿ ಬದಲಾಗುವ ಆಟೋ ಮೋಡ್ ಇತ್ತು. ಹಾಗಾಗಿದ್ದರೆ ಸುಮಾರು 10 ಸೆಕೆಂಡ್‌ನಲ್ಲಿ ಕರೆಂಟ್ ಬರುತ್ತಿತ್ತು. ಆದರೆ ಸ್ವಿಚ್ ಮ್ಯಾನುವಲ್‌ನಲ್ಲಿತ್ತು. ಆಟೋಮೇಷನ್ ಇದೆ, ಆದರೆ ಆನ್ ಮಾಡಿಲ್ಲ. ಫ್ಲಶಿಂಗ್ ಪಂಪ್ ವಿಷಯವೂ ಹಾಗೇ, ಒಳ್ಳೆಯ ವ್ಯವಸ್ಥೆ ಪಕ್ಕದಲ್ಲೇ ಇತ್ತು, ಸುಲಭ ಅಂತ ಬೇರೆಯದು ಬಳಸಿದರು. ನಮ್ಮ ಕಾಕಾನ ಬೈಪಾಸ್ ನೆನಪಾಯ್ತಾ?

ಸೇತುವೆಗೆ ಇಷ್ಟು ದೊಡ್ಡ ಹಡಗು ಗುದ್ದಿದರೆ ತಡೆಯುವ ರಕ್ಷಣೆ ಇರಲಿಲ್ಲ ಅಂತಲೂ ಮಂಡಳಿ ಹೇಳಿತು. ಹಾಗಾಗಿ ತಪ್ಪು ಒಂದೇ ಕಡೆ ಅಲ್ಲ. ಸಿಬ್ಬಂದಿಯ ಪಾಡೂ ಸುಲಭ ಇರಲಿಲ್ಲ. ವಾರಗಟ್ಟಲೆ ಅವರು ಹಡಗಿನಲ್ಲೇ ಉಳಿದರು. ಮೇ 13ರಂದು ಹಡಗಿನ ಮೇಲೆ ಬಿದ್ದಿದ್ದ ಸೇತುವೆಯ ಭಾಗವನ್ನು ಸ್ಫೋಟಕ ಇಟ್ಟು ಕತ್ತರಿಸಿದಾಗಲೂ ಅವರು ಒಳಗೇ ಇದ್ದರು.

ಮುಂದೆ ಏನು? ಜನವೇ ಇಲ್ಲದ ಹಡಗಾ?

ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದ್ರೆ ಐಎಂಒ, ಸ್ವಯಂಚಾಲಿತ ಹಡಗುಗಳನ್ನು ನಾಲ್ಕು ಹಂತವಾಗಿ ನೋಡಿದೆ. ಮೊದಲ ಹಂತ: ಆಟೋಮೇಷನ್ ಸಹಾಯ ಮಾಡುತ್ತದೆ, ಹಡಗಿನಲ್ಲಿ ಜನ ಇರುತ್ತಾರೆ. ಎರಡು: ದಡದಿಂದ ಕಂಟ್ರೋಲ್, ಹಡಗಿನಲ್ಲೂ ಜನ ಇದ್ದಾರೆ. ಮೂರು: ದಡದಿಂದ ಕಂಟ್ರೋಲ್, ಹಡಗಿನಲ್ಲಿ ಯಾರೂ ಇಲ್ಲ. ನಾಲ್ಕು: ಹಡಗೇ ತೀರ್ಮಾನಿಸುತ್ತದೆ. ಇದಕ್ಕೆ ಒಂದು ಸಂಹಿತೆ ತಯಾರಾಗುತ್ತಿದೆ. ಮೊದಲು ಐಚ್ಛಿಕ, 2032ರ ಜನವರಿಯಿಂದ ಕಡ್ಡಾಯ ಮಾಡುವುದು ಗುರಿ.

ನಾರ್ವೆಯಲ್ಲಿ ಯಾರಾ ಬಿರ್ಕೆಲಾಂಡ್ ಅನ್ನುವ 80 ಮೀಟರ್ ಉದ್ದದ, ಪೂರ್ತಿ ಬ್ಯಾಟರಿಯ ಕಂಟೇನರ್ ಹಡಗು 2022ರಿಂದ ಗೊಬ್ಬರ ಸಾಗಿಸುತ್ತಿದೆ. ನಿಧಾನವಾಗಿ ಜನರಿಲ್ಲದೆ ಓಡಬೇಕು ಅನ್ನುವುದು ಅದರ ಉದ್ದೇಶ. ನಮಗೆ ಹೆಮ್ಮೆ ಆಗುವ ವಿಷಯ: ನಾರ್ವೆಯದೇ ಆಸ್ಕೋ ಕಂಪನಿಗೆ ಮಾರಿಟ್ ಮತ್ತು ಥೆರೇಸ್ ಅನ್ನುವ ಎರಡು ವಿದ್ಯುತ್ ಫೆರಿಗಳನ್ನು ಕಟ್ಟಿದ್ದು ನಮ್ಮ ಪಕ್ಕದ ಕೊಚ್ಚಿನ್ ಶಿಪ್‌ಯಾರ್ಡ್. 67 ಮೀಟರ್ ಉದ್ದ, ಸ್ವಯಂಚಾಲಿತವಾಗಿ ಓಡಲು ತಯಾರಾದ ವಿನ್ಯಾಸ, 2022ರಲ್ಲಿ ಒಪ್ಪಿಸಿದರು. ಅದೇ ಶಿಪ್‌ಯಾರ್ಡ್ ಕಟ್ಟಿದ ಬ್ಯಾಟರಿ ದೋಣಿಗಳು 2023ರ ಏಪ್ರಿಲ್‌ನಿಂದ ಕೊಚ್ಚಿ ವಾಟರ್ ಮೆಟ್ರೋದಲ್ಲಿ ಓಡುತ್ತಿವೆ. ಕರ್ನಾಟಕದಲ್ಲೇ ನೋಡಬೇಕಂದ್ರೆ ಮಲ್ಪೆಗೆ ಹೋಗಿ. ಕೊಚ್ಚಿನ್ ಶಿಪ್‌ಯಾರ್ಡ್‌ನ ಅಂಗಸಂಸ್ಥೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅಲ್ಲಿ ಬಂದರಿನ ಟಗ್‌ಗಳನ್ನೂ, ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳನ್ನೂ ಕಟ್ಟುವ ಆರ್ಡರ್ ಪಡೆದಿದೆ.

ಆದರೆ ಸಾವಿರಾರು ಕಿಲೋಮೀಟರ್ ಸಾಗುವ ದೊಡ್ಡ ಹಡಗು ಬೇಗ ಖಾಲಿಯಾಗುತ್ತೆ ಅಂತ ನನಗೆ ಅನಿಸಲ್ಲ. ಮೂರು ಕಾರಣ.

ಒಂದು, ರಿಪೇರಿ. ಫೆರಿ ಕೆಟ್ಟರೆ ಅರ್ಧ ಗಂಟೆಯಲ್ಲಿ ಮೆಕ್ಯಾನಿಕ್ ಬರ್ತಾನೆ. ಅರಬ್ಬಿ ಸಮುದ್ರದ ಮಧ್ಯೆ ಸಡಿಲ ಆದ ವೈರನ್ನು ಯಾವ ಸಾಫ್ಟ್‌ವೇರ್ ಬಿಗಿ ಮಾಡುತ್ತದೆ? ಡಾಲಿಯಲ್ಲಿ ಒಂದು ನಿಮಿಷದಲ್ಲಿ ಬ್ರೇಕರ್ ಮುಚ್ಚಿದ್ದು ಮನುಷ್ಯರೇ.

ಎರಡು, ಕಾನೂನು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೇ ನಿಯಮ ಕಣ್ಣು ಮತ್ತು ಕಿವಿಯಿಂದ ಸದಾ ಕಾವಲು ಇರಬೇಕು ಅನ್ನುತ್ತದೆ. ಕ್ಯಾಮೆರಾ, ರಾಡಾರ್ ನೋಡಿದರೆ ಅದು ಕಣ್ಣಿನಿಂದ ನೋಡಿದ ಹಾಗಾ? ಅಪಘಾತ ಆದರೆ ಹೊಣೆ ಕೋಡ್ ಬರೆದವನದಾ, ದಡದಲ್ಲಿ ಕೂತವನದಾ? ಮಲ್ಪೆಯಿಂದ ಹೊರಟ ಸಣ್ಣ ಮೀನುಗಾರಿಕಾ ದೋಣಿ ರಾಡಾರ್‌ನಲ್ಲಿ ಸರಿಯಾಗಿ ಕಾಣದೆ ಹೋದರೆ?

ಮೂರು, ಸೈಬರ್. ನೆಟ್‌ವರ್ಕ್‌ಗೆ ಸೇರಿದ ಯಾವುದನ್ನಾದರೂ ಹೊರಗಿನವರು ಹೊಕ್ಕಬಹುದು. ಅದಕ್ಕೇ 2024ರ ಜುಲೈ 1ರ ನಂತರ ಒಪ್ಪಂದವಾದ ಹೊಸ ಹಡಗುಗಳಿಗೆ ಕ್ಲಾಸಿಫಿಕೇಷನ್ ಸಂಸ್ಥೆಗಳ ಒಕ್ಕೂಟ ಇ26, ಇ27 ಅನ್ನುವ ಸೈಬರ್ ನಿಯಮ ತಂದಿದೆ. ಹೊಲದ ಸಿಮ್ ಸ್ಟಾರ್ಟರ್‌ಗೆ ಪಾಸ್‌ವರ್ಡ್ ಇಡದಿದ್ದರೆ ಪಕ್ಕದ ಹೊಲದವನು ನಮ್ಮ ಮೋಟಾರ್ ಆಫ್ ಮಾಡಬಹುದು. ಹಡಗಿಗೂ ಅದೇ ಭಯ, ಪ್ರಮಾಣ ಮಾತ್ರ ಬೇರೆ.

ಹಾಗಾಗಿ ನಾಳೆಯ ಹಡಗಿನಲ್ಲಿ ಜನ ಕಡಿಮೆ ಆಗಬಹುದು, ಆದರೆ ಇರುವವರಿಗೆ ಎಲೆಕ್ಟ್ರಾನಿಕ್ಸ್ ಜಾಸ್ತಿ ಗೊತ್ತಿರಬೇಕು.

ನಮಗೆ ಇದರಲ್ಲಿ ಏನಿದೆ?

ಇದೆ. ಹಡಗಿನಲ್ಲಿ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್, ಚಿಕ್ಕದಾಗಿ ಇಟಿಒ ಅನ್ನುವ ಹುದ್ದೆ ಇದೆ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2010ರಲ್ಲಿ ಮನಿಲಾದಲ್ಲಿ ಆದ ತಿದ್ದುಪಡಿಯಿಂದ ಈ ಹುದ್ದೆಗೆ ಪ್ರತ್ಯೇಕ ಅರ್ಹತೆ ಬಂತು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಡಿಗ್ರಿ ಮುಗಿಸಿದವರು ಡಿಜಿ ಶಿಪ್ಪಿಂಗ್ ಒಪ್ಪಿದ ಸಂಸ್ಥೆಯಲ್ಲಿ ಸುಮಾರು 4 ತಿಂಗಳ ಕೋರ್ಸ್ ಮಾಡಿ ಈ ದಾರಿ ಹಿಡಿಯಬಹುದು. ಬಣ್ಣ ಗುರುತಿಸುವ ದೃಷ್ಟಿ ಸರಿ ಇರಬೇಕು. ವೈರಿನ ಬಣ್ಣ ಗೊತ್ತಾಗದಿದ್ದರೆ ಹೇಗೆ? ಮಾರ್ಕ್ಸ್ ಎಷ್ಟಿರಬೇಕು ಅನ್ನುವುದನ್ನು ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಒಂದು ಎಚ್ಚರಿಕೆ: "ಹಡಗಿನಲ್ಲಿ ಕೆಲಸ ಕೊಡಿಸ್ತೀನಿ, ಇಷ್ಟು ಲಕ್ಷ ಕೊಡು" ಅನ್ನುವ ಏಜೆಂಟ್‌ಗಳನ್ನು ನಂಬಬೇಡಿ. ನೇಮಕಾತಿ ಮಾಡುವವರಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು, ಮತ್ತು ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ದುಡ್ಡು ತಗೊಳ್ಳುವ ಹಾಗಿಲ್ಲ.

ಹಡಗಿಗೆ ಹೋಗದಿದ್ದರೂ ಇಲ್ಲಿ ಕಲಿಯೋದು ಬೇಕಾದಷ್ಟಿದೆ. ಹಡಗಿನ ಸೆನ್ಸರ್‌ಗಳು ಬಳಸುವ 4-20 ಮಿಲಿಆಂಪಿಯರ್ ಸಿಗ್ನಲ್ ಅನ್ನು ನಾವು ಇನ್‌ಸ್ಟ್ರುಮೆಂಟೇಷನ್‌ನಲ್ಲಿ ಓದ್ತೀವಿ. 0ಯಿಂದ ಯಾಕಲ್ಲ, 4ರಿಂದ ಯಾಕೆ ಶುರು? ಯಾಕಂದ್ರೆ 4 ಅಂದ್ರೆ "ಒತ್ತಡ ಸೊನ್ನೆ", 0 ಅಂದ್ರೆ "ವೈರ್ ಕಿತ್ತಿದೆ". ಸೊನ್ನೆಗೂ ಸುದ್ದಿ ಇಲ್ಲದಿರೋದಕ್ಕೂ ವ್ಯತ್ಯಾಸ ಇದೆ ಅನ್ನೋದನ್ನು ಇಷ್ಟು ಸರಳವಾಗಿ ಹೇಳುವ ಡಿಸೈನ್ ನಾನು ಬೇರೆ ನೋಡಿಲ್ಲ. ಹಡಗಿನ ಉಪಕರಣಗಳು ಮಾತಾಡುವ ಎನ್‌ಎಂಇಎ 2000 ಅನ್ನುವ ನೆಟ್‌ವರ್ಕ್ ಕೂಡ ಕಾರಿನಲ್ಲಿರುವ ಕ್ಯಾನ್ ಬಸ್ ಮೇಲೆಯೇ ಕಟ್ಟಿದ್ದು. ಪಿಎಲ್‌ಸಿ ಲ್ಯಾಬ್ ಬೋರ್ ಅಂತ ಬಂಕ್ ಹೊಡೆಯೋರು ಒಮ್ಮೆ ಯೋಚಿಸಿ.

ಕೊನೆಗೆ, ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನ ಜೊತೆ ಹೊಲಕ್ಕೆ ಹೋಗಿ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಸ್ಟಾರ್ಟರ್ ಡಬ್ಬಿ ತೆಗೆದೆ. ಒಂದೊಂದೇ ತಂತಿ ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಕಾಕಾ ದೂರದಿಂದಲೇ ಕೂಗಿದರು, "ಏ ತಮ್ಮಾ, ಛಲೋ ನಡದೈತಲ್ಲೋ, ಅದನ್ಯಾಕ ಕೆದರಾಕತ್ತಿ?" ಎಲ್ಲಾ ಬಿಗಿ ಇತ್ತು, ಒಂದು ಸ್ಕ್ರೂ ಮಾತ್ರ ಅರ್ಧ ಸುತ್ತು ತಿರುಗಿತು. ಪ್ರಿವೆಂಟರ್ ಈಗ ಬೈಪಾಸ್ ಇಲ್ಲ.

ನೀವೂ ಮುಂದಿನ ಲ್ಯಾಬ್‌ನಲ್ಲಿ ಪ್ಯಾನಲ್ ವೈರಿಂಗ್ ಮಾಡುವಾಗ ಲೇಬಲ್ ಹಾಕಿದ ಮೇಲೆ ವೈರನ್ನು ಒಮ್ಮೆ ಎಳೆದು ನೋಡಿ. ಎರಡು ಸೆಕೆಂಡ್ ಕೆಲಸ. ಡಾಲಿಯಲ್ಲಿ ಯಾರೋ ಒಬ್ಬರು ಅದನ್ನು ಮಾಡಿರಲಿಲ್ಲ.